ನೋವುಣ್ಣುವುದು ಭಕ್ತಿಯಲ್ಲ

ಶ್ರೀಮಠದ ಭಕ್ತರಾದ ಹಿರಿಯರೊಬ್ಬರು ಬಾಯಿಯ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆಯುತ್ತಿದ್ದರು. ಮೂರನೆಯ ವಾರದ ಹೊತ್ತಿಗೆ ಬಾಯಿ ಹುಣ್ಣಾಗಿ ಗಂಜಿಯೂ ಇಳಿಯದಾಯಿತು. ವೈದ್ಯರು ಮಾರ್ಫಿನ್ ಬರೆದುಕೊಟ್ಟರು. ಅದು ಅಫೀಮಿನ ಮದ್ದೆಂದು ಯಾರೋ ಹೇಳಿದ್ದೇ ತಡ, ಮನೆಯವರು ಗುಳಿಗೆಗಳನ್ನು ಎತ್ತಿಟ್ಟುಬಿಟ್ಟರು. 'ನನ್ನ ಕರ್ಮ, ಉಂಡೇ ತೀರಬೇಕು' ಎಂದು ಹಿರಿಯರೂ ಹಲ್ಲು ಕಚ್ಚಿ ಸಹಿಸಿದರು. ನೋವು ತಾಳಲಾರದೆ ನಾಲ್ಕು ದಿನ ಚಿಕಿತ್ಸೆಗೇ ಹೋಗಲಿಲ್ಲ. ಇಂಥ ಭಯ ಅನೇಕ ಮನೆಗಳಲ್ಲಿರುವುದನ್ನು ನಾವು ಬಲ್ಲೆವು.

ವಿಕಿರಣವು ಬೇಗ ಬೇಗ ವಿಭಜನೆಯಾಗುವ ಕೋಶಗಳನ್ನು ನಾಶಗೊಳಿಸುತ್ತದೆ. ಕ್ಯಾನ್ಸರ್ ಕೋಶಗಳಂತೆ ಬಾಯಿ ಮತ್ತು ಗಂಟಲಿನ ಒಳಪೊರೆಯ ಕೋಶಗಳೂ ಅಂಥವೇ. ಈ ಭಾಗದ ಚಿಕಿತ್ಸೆ ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ 6ರಿಂದ 7 ವಾರ ನಡೆಯುತ್ತದೆ. ಎರಡು-ಮೂರನೆಯ ವಾರದಲ್ಲಿ ತೋರುವ ಹುಣ್ಣು ಕೊನೆಯ ದಿನಗಳಲ್ಲಿ ಉಲ್ಬಣಿಸಿ, ಚಿಕಿತ್ಸೆ ಮುಗಿದ ಕೆಲವು ವಾರಗಳ ಬಳಿಕ ಮಾಯುತ್ತದೆ. ಮಧ್ಯದಲ್ಲಿ ಬಿಡುವು ಬಿದ್ದರೆ ಉಳಿದ ಕ್ಯಾನ್ಸರ್ ಕೋಶಗಳು ಮತ್ತೆ ಬೆಳೆಯಲು ಅವಕಾಶವಾಗುತ್ತದೆ. ಆದುದರಿಂದ ನೋವು ತಗ್ಗಿಸುವುದೂ ಚಿಕಿತ್ಸೆಯ ಅಂಗವೇ ಆಗಿದೆ.

ಮಾರ್ಫಿನ್ ದೊರೆಯುವುದು ಗಸಗಸೆ ಗಿಡದ ಕಾಯಿಯ ಹಾಲಿನಿಂದ. ವಿಶ್ವ ಆರೋಗ್ಯ ಸಂಸ್ಥೆಯು 1986ರಲ್ಲಿ ಕ್ಯಾನ್ಸರ್ ನೋವಿಗೆ ಮೂರು ಮೆಟ್ಟಿಲುಗಳ ಕ್ರಮವನ್ನು ಸೂಚಿಸಿತು: ಮೊದಲು ಪ್ಯಾರಸಿಟಮಾಲ್‌ನಂಥ ಮದ್ದು, ಬಳಿಕ ಸೌಮ್ಯ ಅಫೀಮುವರ್ಗದ ಮದ್ದು, ನೋವು ತೀವ್ರವಾದಾಗ ಮಾರ್ಫಿನ್. ನಮ್ಮ ದೇಶದ 1985ರ ಮಾದಕ ದ್ರವ್ಯ ಕಾಯಿದೆಗೆ 2014ರಲ್ಲಿ ತಂದ ತಿದ್ದುಪಡಿಯ ಉದ್ದೇಶಗಳಲ್ಲೊಂದು, ರೋಗಿಗಳಿಗೆ ಇಂಥ ಅಗತ್ಯ ಔಷಧಗಳು ಸುಲಭವಾಗಿ ದೊರೆಯಲೆಂಬುದೇ ಆಗಿತ್ತು.

ಚಟವಾಗುವುದಿಲ್ಲವೇ ಎಂಬ ಪ್ರಶ್ನೆ ಸಹಜ. ಮದ್ದಿಗೆ ದೇಹ ಒಗ್ಗಿಕೊಳ್ಳುವುದು ಬೇರೆ, ಮನಸ್ಸು ಅಮಲಿಗೆ ಹಂಬಲಿಸುವುದು ಬೇರೆ. ವೈದ್ಯರ ನಿಗಾದಲ್ಲಿ ನೋವಿಗೆ ತಕ್ಕಷ್ಟೇ ತೆಗೆದುಕೊಳ್ಳುವವರಲ್ಲಿ ಚಟದ ಅಪಾಯ ಕಡಿಮೆ. ಆದರೆ ಇಲ್ಲವೇ ಇಲ್ಲವೆನ್ನಲಾಗದು. ಹಿಂದೆ ಮದ್ಯದ ಅಥವಾ ಮಾದಕ ವಸ್ತುಗಳ ಅಭ್ಯಾಸವಿದ್ದವರು ಅದನ್ನು ಮುಚ್ಚಿಡದೆ ವೈದ್ಯರಿಗೆ ತಿಳಿಸಬೇಕು. ಹುಣ್ಣು ಮಾಯ್ದಂತೆ ವೈದ್ಯರೇ ಪ್ರಮಾಣವನ್ನು ಹಂತಹಂತವಾಗಿ ಇಳಿಸುತ್ತಾರೆ. ತಾವಾಗಿಯೇ ಒಮ್ಮೆಲೇ ನಿಲ್ಲಿಸಬಾರದು.

ಗಮನಿಸಬೇಕಾದ ಸಂಗತಿಗಳು ಇನ್ನೂ ಕೆಲವಿವೆ. ನೋವು ಮಿತಿಮೀರಲೆಂದು ಕಾಯದೆ ಹೇಳಿದ ಹೊತ್ತಿಗೆ ಮದ್ದು ತೆಗೆದುಕೊಳ್ಳಬೇಕು. ನುಂಗಲಾಗದಿದ್ದರೆ ಗುಳಿಗೆಯನ್ನು ತಾವೇ ಪುಡಿಮಾಡದೆ ವೈದ್ಯರನ್ನು ಕೇಳಬೇಕು. ನಿಧಾನವಾಗಿ ಕರಗುವ ಗುಳಿಗೆಯನ್ನು ಪುಡಿಮಾಡುವುದು ಅಪಾಯಕರ. ವಾಕರಿಕೆ, ಮಂಪರು ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಇಳಿಯುತ್ತವೆ. ಮಲಬದ್ಧತೆ ಮಾತ್ರ ಉಳಿಯುವುದರಿಂದ ಅದಕ್ಕೂ ಮೊದಲಿನಿಂದಲೇ ಮದ್ದು ಬೇಕು. ಮದ್ಯ ವರ್ಜ್ಯ, ನಿದ್ರೆಗುಳಿಗೆಯನ್ನು ವೈದ್ಯರನ್ನು ಕೇಳದೆ ಜೊತೆಗೆ ಸೇವಿಸಬಾರದು. ಮೂತ್ರಪಿಂಡದ ತೊಂದರೆಯಿದ್ದರೆ ಮೊದಲೇ ತಿಳಿಸಬೇಕು. ರೋಗಿಯನ್ನು ಎಬ್ಬಿಸಲಾಗದಿದ್ದರೆ ಅಥವಾ ಉಸಿರಾಟ ತೀರ ನಿಧಾನವಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಮದ್ದನ್ನು ಬೀಗದೊಳಗಿಟ್ಟು, ಮಿಕ್ಕುದನ್ನು ಆಸ್ಪತ್ರೆಗೆ ಹಿಂತಿರುಗಿಸಬೇಕು. ಚಿಕಿತ್ಸೆ ನಡೆದಿರುವ ಭಾಗದ ಚರ್ಮಕ್ಕೆ ವಿಭೂತಿ, ಎಣ್ಣೆ ಮುಂತಾದುವನ್ನು ವೈದ್ಯರನ್ನು ಕೇಳದೆ ಹಚ್ಚಬಾರದು.

ಮಾರ್ಫಿನ್ ಎಲ್ಲ ಔಷಧದಂಗಡಿಗಳಲ್ಲಿ ಸಿಗದು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ನೋವು ಉಪಶಮನ ವಿಭಾಗಗಳಿವೆ. ಗುಣವಾಗದ ಹಂತ ತಲುಪಿದವರಿಗೆ ಬೆಂಗಳೂರಿನ ಕರುಣಾಶ್ರಯವು ಉಚಿತ ಆರೈಕೆ ನೀಡುತ್ತಿದೆ.

ಶರಣರು ದೇಹದಂಡನೆಯನ್ನು ಭಕ್ತಿಯೆಂದು ಒಪ್ಪಲಿಲ್ಲ. ಕಾಯವನ್ನು ಕಾಯಕಕ್ಕೂ ಪೂಜೆಗೂ ಸಾಧನವೆಂದು ಗೌರವಿಸಿದರು. ಆ ಹಿರಿಯರು ವೈದ್ಯರ ತಿಳಿವಳಿಕೆಯ ಮಾತು ಕೇಳಿ ಐದನೆಯ ದಿನ ಗುಳಿಗೆ ತೆಗೆದುಕೊಂಡರು, ಚಿಕಿತ್ಸೆಗೂ ಮರಳಿದರು. ವಾರದೊಳಗೆ, ನೋವಿನಿಂದ ಕುಳಿತುಕೊಳ್ಳಲಾರದೆ ಬಿಟ್ಟಿದ್ದ ಇಷ್ಟಲಿಂಗ ಪೂಜೆಗೆ ಮತ್ತೆ ಕುಳಿತರು. ನಮ್ಮ ಮನೆಗಳಲ್ಲಿ ಯಾರಾದರೂ ಮೌನವಾಗಿ ನರಳುತ್ತಿದ್ದರೆ, 'ನೋವು ಎಷ್ಟಿದೆ?' ಎಂದು ಇಂದೇ ಕೇಳೋಣ.