ಮಾನ್ವಿಯ ಎರೆ ಹೊಲ, ಕರಾವಳಿಯವರ ಆಸೆ

ನಮ್ಮ ಮನೆಗಳ ಪಾಯ ತೋಡಿದವರು, ಕಲ್ಲು ಹೊತ್ತವರು, ಮೂರನೇ ಮಾಳಿಗೆಗೆ ಸಿಮೆಂಟು ಸಾಗಿಸಿದವರು ಯಾರು ಅಂತ ಕೇಳಿದರೆ ಕರಾವಳಿಯಲ್ಲಿ ಎಲ್ಲರೂ ಒಂದೇ ಉತ್ತರ ಹೇಳ್ತಾರೆ: "ಆ ಕಡೆಯವರು, ರಾಯಚೂರು, ಕೊಪ್ಪಳದವರು." ಮಳೆ ಕೈಕೊಟ್ಟಾಗ ಹೊಲ ಬಿಟ್ಟು ಗುಳೆ ಬಂದ ಜನ ಅವರು. ಈಗ ಮಾತು ತಿರುಗಿದೆ. ಗಲ್ಫ್‌ನಲ್ಲಿ ಇಪ್ಪತ್ತು ವರ್ಷ ದುಡಿದು ಬಂದ ನಮ್ಮ ಹುಡುಗರು ಅದೇ ರಾಯಚೂರಿನಲ್ಲಿ ಜಾಗ ಹುಡುಕಲಿಕ್ಕೆ ಹೊರಟಿದ್ದಾರೆ. "ಉಸ್ತಾದರೇ, ಇಲ್ಲಿ ಹತ್ತು ಸೆಂಟ್ಸಿಗೆ ಕೊಡುವ ದುಡ್ಡಲ್ಲಿ ಅಲ್ಲಿ ಎಕರೆಗಟ್ಟಲೆ ಬರ್ತದಂತೆ. ಸೋಲಾರ್ ಹಾಕುವುದು, ಎರಡು ಆಡು, ನಾಲ್ಕು ಕೋಳಿ, ಬೇಕಾದ ತರಕಾರಿ. ಯಾರ ಹಂಗೂ ಬೇಡ." ಜುಮಾ ಮುಗಿಸಿ ಹೊರಗೆ ಬರುವಾಗ ಈ ಮಾತು ನಮ್ಮ ಕಿವಿಗೆ ಬೀಳುವುದು ಇದು ಎಷ್ಟನೇ ಸಲವೋ.

ಈ ಆಸೆಯನ್ನು ನಾವು ಹೀಯಾಳಿಸುವುದಿಲ್ಲ. ಅರಬ್ ನಾಡಿನ ಒಂದು ಕೋಣೆಯಲ್ಲಿ ಎಂಟು ಮಂದಿಯ ಜೊತೆ ಮಲಗಿದವನಿಗೆ ಸ್ವಂತ ನೆಲ, ಸ್ವಂತ ನೀರು, ಸ್ವಂತ ಅನ್ನ ಅನ್ನುವುದು ಎಷ್ಟು ದೊಡ್ಡದು ಅಂತ ಗೊತ್ತು. ಮೊಬೈಲಿನಲ್ಲಿ ನೋಡಿದ 'ಪರ್ಮಾಕಲ್ಚರ್' ಎಂಬ ಹೆಸರೂ ಈಗ ಅವರ ಬಾಯಲ್ಲಿದೆ. ಆಸ್ಟ್ರೇಲಿಯಾದ ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ 1978ರಲ್ಲಿ ಪುಸ್ತಕ ಬರೆದು ಹೆಸರಿಟ್ಟ ಪದ್ಧತಿ ಅದು. ಸರಳವಾಗಿ ಹೇಳುವುದಾದರೆ, ನೆಲದ ಇಳಿಜಾರು ನೋಡಿ ಮಳೆನೀರು ನಿಲ್ಲಿಸುವುದು, ಮಣ್ಣನ್ನು ಬರಿ ಬಿಡದೆ ಮುಚ್ಚುವುದು, ಒಂದೇ ಬೆಳೆ ನಂಬದೆ ಮರ, ಗಿಡ, ಕಾಳು, ಸೊಪ್ಪು, ಜಾನುವಾರು ಎಲ್ಲ ಒಂದಕ್ಕೊಂದು ಆಸರೆಯಾಗುವಂತೆ ಜೋಡಿಸುವುದು. ಅಜ್ಜನ ತೋಟದಲ್ಲಿ ತೆಂಗು, ಅಡಿಕೆ, ಕರಿಮೆಣಸು, ಬಾಳೆ, ಹಟ್ಟಿಗೊಬ್ಬರ ಇದ್ದದ್ದನ್ನು ನೆನೆದರೆ ಇದು ಅಷ್ಟೇನೂ ಹೊಸತಲ್ಲ.

ಕೆಲವರಿಗೆ ರಾಯಚೂರೂ ಸಾಲದು, ವಿದೇಶದಲ್ಲೇ ಜಾಗ ತೆಗೆದರೆ ಹೇಗೆ ಅನ್ನುವವರಿದ್ದಾರೆ. ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಭಾರತದಲ್ಲಿ ನೆಲೆಸಿರುವ ಒಬ್ಬರು ವರ್ಷಕ್ಕೆ 2,50,000 ಡಾಲರ್ ತನಕ ಹೊರಗೆ ಕಳಿಸಬಹುದು, ಅದರಲ್ಲಿ ಆಸ್ತಿಯನ್ನೂ ಕೊಳ್ಳಬಹುದು. ಆದರೆ ದುಡ್ಡು ಕಳಿಸಲು ನಮ್ಮ ಸರಕಾರ ಬಿಟ್ಟರೆ ಸಾಕೇ? ಜಾಗ ಕೊಡುವ ದೇಶವೂ ಬಿಡಬೇಕು. 2012ರ ಸುಮಾರಿಗೆ ಪಂಜಾಬಿನ ರೈತರು ಜಾರ್ಜಿಯಾ ದೇಶಕ್ಕೆ ಹೋಗಿ ಅಗ್ಗದ ಹೊಲ ಕೊಂಡರು. 2013ರಲ್ಲೇ ಅಲ್ಲಿನ ಸಂಸತ್ತು ವಿದೇಶಿಯರಿಗೆ ಕೃಷಿಭೂಮಿ ಮಾರುವುದನ್ನು ತಡೆಯಿತು. 2018ರಲ್ಲಿ ಜಾರಿಗೆ ಬಂದ ತಿದ್ದುಪಡಿಯಲ್ಲಿ ಆ ನಿರ್ಬಂಧ ಸಂವಿಧಾನದಲ್ಲೇ ಸೇರಿತು. ನಮ್ಮ ಬೆಂಗಳೂರಿನ ಕರುತುರಿ ಕಂಪನಿ ಇಥಿಯೋಪಿಯಾದ ಗ್ಯಾಂಬೆಲಾದಲ್ಲಿ ಒಂದು ಲಕ್ಷ ಹೆಕ್ಟೇರ್ ಲೀಸಿಗೆ ಹಿಡಿದಿತ್ತು. 2011ರಲ್ಲಿ ಬಾರೋ ನದಿಯ ನೆರೆ ಮೆಕ್ಕೆಜೋಳದ ಬೆಳೆಯನ್ನು ನುಂಗಿತು, 2015ರ ಕೊನೆಗೆ ಅಲ್ಲಿನ ಸರಕಾರ ಲೀಸನ್ನೇ ರದ್ದು ಮಾಡಿತು. ಅಷ್ಟು ದೊಡ್ಡ ಕಂಪನಿಯ ಗತಿಯೇ ಹೀಗಾದರೆ ಒಂದು ಕುಟುಂಬದ ಉಳಿತಾಯದ ಕಥೆ ಏನು? ಹಾಗಾಗಿ ವಿದೇಶದ ಮಾತು ಇಲ್ಲಿಗೇ ಬಿಡೋಣ. ಭಾಷೆ, ಹವೆ, ಅನ್ನ ನೋಡಿದರೆ ಕರಾವಳಿಯವರಿಗೆ ರಾಯಚೂರೇ ಅರ್ಧ ವಿದೇಶ.

ಹಾಗೆಂದು ಬೇಸಿಗೆಯ ನಡುವೆಯೇ ನಾವು ನಾಲ್ಕು ಮಂದಿ ಆ ಕಡೆಗೆ ಹೋದೆವು. ಮಳೆಗಾಲದ ನಂತರ ಹೋದರೆ ಎಲ್ಲ ಹಸಿರು, ದಲ್ಲಾಳಿಯ ಕೆಲಸ ಸುಲಭ. ಏಪ್ರಿಲ್‌ನಲ್ಲಿ ಹೋದರೆ ನೆಲ ತನ್ನ ನಿಜ ಮುಖ ತೋರಿಸ್ತದೆ. ರಾಯಚೂರು ನಗರದಲ್ಲಿ ಇಳಿದು, 1513ರಲ್ಲಿ ಕಟ್ಟಿದ ಏಕ್ ಮಿನಾರ್ ಮಸೀದಿಯ ಒಂಟಿ ಮಿನಾರಿನ ನೆರಳಲ್ಲಿ ಸ್ವಲ್ಪ ಹೊತ್ತು ನಿಂತು, ನಂತರ ಮಾನ್ವಿ ರಸ್ತೆ ಹಿಡಿದೆವು. ಸೆಕೆ ಅಂದರೆ ನಮ್ಮ ಸೆಕೆಯಲ್ಲ. ಇಲ್ಲಿ ಬೆವರು ಸುರೀತದೆ, ಅಲ್ಲಿ ಬೆವರು ಕಾಣುವ ಮೊದಲೇ ಒಣಗ್ತದೆ. ಎರೆ ಹೊಲಗಳಲ್ಲಿ ಅಂಗೈ ಇಳಿಯುವಷ್ಟು ಬಿರುಕು. ನಮ್ಮಲ್ಲಿ ಒಬ್ಬರು ಬಗ್ಗಿ ಬಿರುಕಿಗೆ ಕೋಲು ಇಳಿಸಿದರು, ಮೊಣಕೈ ಉದ್ದ ಹೋಯಿತು. "ಇದರಲ್ಲಿ ತೆಂಗು ನಿಲ್ತದಾ?" ಅಂದರು. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಕಪ್ಪು ಮಣ್ಣು ಎಳೆ ಬೇರನ್ನು ಹರಿಯುವುದೂ ಉಂಟು, ಮನೆಯ ಗೋಡೆ ಸೀಳುವುದೂ ಉಂಟು. ನಮ್ಮ ಮುರಕಲ್ಲಿನ ನೆಲದ ಲೆಕ್ಕದಲ್ಲಿ ಅಲ್ಲಿ ಪಾಯ ಹಾಕಿದರೆ ಕೆಟ್ಟಂತೆ.

ಮಳೆಯ ಲೆಕ್ಕ ಕೇಳಿ. ಮಂಗಳೂರಿಗೆ ವರ್ಷಕ್ಕೆ 3,500 ಮಿಲಿಮೀಟರಿಗೂ ಮೇಲೆ, ರಾಯಚೂರಿಗೆ 600ರ ಆಸುಪಾಸು. ಕಡಿಮೆ ಅಂತ ಕೈಬಿಡುವ ಹಾಗಿಲ್ಲ. ಒಂದು ಎಕರೆ ಮೇಲೆ 600 ಮಿಲಿಮೀಟರ್ ಅಂದರೆ ಸುಮಾರು 24 ಲಕ್ಷ ಲೀಟರ್ ನೀರು. 1,000 ಚದರಡಿ ಮಾಡಿನ ಮೇಲೆ ಬೀಳುವುದು ಸುಮಾರು 55,000 ಲೀಟರ್. ಐದು ಮಂದಿಯ ಮನೆಗೆ ಕುಡಿಯಲು, ಅಡಿಗೆಗೆ ದಿನಕ್ಕೆ 25 ಲೀಟರ್ ಹಿಡಿದರೆ ವರ್ಷಕ್ಕೆ ಬೇಕಾದದ್ದು 9,000 ಚಿಲ್ಲರೆ. ಮಾಡಿನ ನೀರು ಹಿಡಿಯುವ ಟ್ಯಾಂಕು ಇದ್ದವರಿಗೆ ಅಲ್ಲಿ ಕುಡಿಯುವ ನೀರಿನ ಚಿಂತೆ ಇಲ್ಲ. ಇಷ್ಟು ಒತ್ತಿ ಹೇಳಲು ಕಾರಣ ಉಂಟು: ರಾಯಚೂರು ಜಿಲ್ಲೆಯ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಮಕ್ಕಳ ಹಲ್ಲು ಕಂದುವುದು, ದೊಡ್ಡವರ ಮೊಣಕಾಲು ಬಿಗಿಯುವುದು ಅದರಿಂದಲೇ. ನಮ್ಮ ಊರಿನ ಬಾವಿಯ ನೀರು ಕುಡಿದು ಬೆಳೆದವರಿಗೆ ಇದು ಅಂದಾಜಿಗೆ ಬರುವುದಿಲ್ಲ. ಜಾಗ ನೋಡಲು ಹೋದವರು ಪಹಣಿ ಕೇಳುವ ಮೊದಲು ಬೋರಿನ ಒಂದು ಬಾಟಲಿ ನೀರು ತುಂಬಿಸಿ ಪರೀಕ್ಷೆಗೆ ಕೊಡಬೇಕು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ದರೆ ಅದು ಕುಡಿಯುವ ನೀರಲ್ಲ.

ಮಾನ್ವಿಯ ದಲ್ಲಾಳಿ ಪದೇಪದೇ ಒಂದು ಮಾತು ಹೇಳ್ತಿದ್ದ: "ಕೆನಾಲ್ ಹೊಲ ಐತ್ರಿ, ನೀರಿಗೆ ಚಿಂತಿ ಇಲ್ರಿ." ಕಾಲುವೆ ಇದ್ದದ್ದು ಹೌದು. ತುಂಗಭದ್ರಾ ಎಡದಂಡೆ ಕಾಲುವೆ 200 ಕಿಲೋಮೀಟರಿಗೂ ಉದ್ದ. ಅದರ ಬಾಯಿ ಹೊಸಪೇಟೆಯ ಹತ್ತಿರ, ಮಾನ್ವಿ, ರಾಯಚೂರು ಬಾಲದ ಕಡೆ. ಈ ಕಾಲುವೆಯ ಕಥೆ ಹೊರಗಿನಿಂದ ಬಂದು ಜಾಗ ಕೊಳ್ಳುವ ಎಲ್ಲರೂ ಕೇಳಬೇಕಾದದ್ದು. ಅಣೆಕಟ್ಟು 1953ರಲ್ಲಿ ಮುಗಿದಾಗ ಸರಕಾರದ ಯೋಚನೆ, ಜೋಳ, ಹತ್ತಿಯಂಥ ಬೆಳೆಗೆ ಸ್ವಲ್ಪ ಸ್ವಲ್ಪ ನೀರು ಕೊಟ್ಟು ಬರ ತಪ್ಪಿಸುವುದು. ಆಗ ಕರಾವಳಿ ಆಂಧ್ರದ ಗೋದಾವರಿ, ಕೃಷ್ಣಾ ಸೀಮೆಯ ರೈತರು ಅಲ್ಲಿ ಒಂದೆಕರೆ ಮಾರಿದ ದುಡ್ಡಲ್ಲಿ ಇಲ್ಲಿ ಹಲವು ಎಕರೆ ತೆಗೆದು ಬಂದು ನೆಲೆಸಿದರು. ಸಿಂಧನೂರು, ಮಾನ್ವಿ ಕಡೆ 'ಕ್ಯಾಂಪ್' ಎಂಬ ಹೆಸರಿನ ಊರುಗಳೆಲ್ಲ ಹಾಗೆ ಹುಟ್ಟಿದವು. ದುಡಿಮೆ ಬಲ್ಲವರು, ಭತ್ತ ಬಲ್ಲವರು. ಎರೆ ಹೊಲ ಮಟ್ಟ ಮಾಡಿ ಗದ್ದೆ ಮಾಡಿದರು, ಸೋನಾ ಮಸೂರಿ ಬೆಳೆದು ಮುಂದೆ ಬಂದರು. ಮೇಲಿನವರು ಭತ್ತಕ್ಕೆ ನೀರು ಕಟ್ಟಿದ ಮೇಲೆ ಬಾಲದವರಿಗೆ ನೀರು ಕಡಿಮೆಯಾಯಿತು. ನೀರು ನಿಂತ ಕಡೆ ಎಷ್ಟೋ ಹೊಲ ಜೌಗಾಗಿ ಸವುಳು ಹಿಡಿಯಿತು. ಹಾಗಂತ ಬಂದವರನ್ನು ದೂರುವುದೂ ನ್ಯಾಯವಲ್ಲ, ಆದರೆ ಹೊಲ ಮಾರಿದ ಸ್ಥಳೀಯರ ಮಕ್ಕಳು ಅದೇ ಗದ್ದೆಗೆ ಕೂಲಿಗೆ ಹೋದದ್ದೂ ಸುಳ್ಳಲ್ಲ. ಅಣೆಕಟ್ಟಿನ ಹೂಳೂ ಸೇರಿಸಿ ನೋಡಿ: ಮೊದಲು 133 ಟಿಎಂಸಿ ಹಿಡಿಯುತ್ತಿದ್ದದ್ದು ಈಗ 105ರ ಹತ್ತಿರ. 2024ರ ಆಗಸ್ಟಿನಲ್ಲಿ 19ನೇ ಗೇಟು ಕೊಚ್ಚಿ ಹೋದದ್ದು ಎಲ್ಲರೂ ಟಿವಿಯಲ್ಲಿ ನೋಡಿದ್ದೇವೆ. ದಲ್ಲಾಳಿ ತೋರಿಸುವ ಕಾಲುವೆಯಲ್ಲಿ ಯಾವ ತಿಂಗಳು ಎಷ್ಟು ದಿನ ನೀರು ಹರೀತದೆ ಅಂತ ಪಕ್ಕದ ಹೊಲದವರನ್ನು ಕೇಳಬೇಕು, ದಲ್ಲಾಳಿಯನ್ನಲ್ಲ.

ದೇವದುರ್ಗ ಇನ್ನೊಂದು ಬಗೆ. ಅಲ್ಲಿ ಕೃಷ್ಣೆಯ ನಾರಾಯಣಪುರ ಬಲದಂಡೆ ಕಾಲುವೆ ಬಂದಿದೆ, ಆದರೆ ಕಾಲುವೆ ಮುಟ್ಟದ ಒಣ ಹೊಲವೂ ಬೇಕಾದಷ್ಟು. ಬೆಂಗಳೂರಿಗೆ, ಮಂಗಳೂರಿಗೆ ಗುಳೆ ಹೋಗುವ ಜನ ಹೆಚ್ಚಿರುವುದೂ ಇಲ್ಲೇ. ಒಂದು ಹೊಲದ ಬದುವಿನ ಬೇವಿನ ಮರದಡಿ ಕೂತಿದ್ದ ಹಿರಿಯರೊಬ್ಬರಿಗೆ ನಮ್ಮವರು ತಮ್ಮ ಯೋಜನೆ ವಿವರಿಸಿದರು, ಸೋಲಾರು, ಹಣ್ಣಿನ ಕಾಡು, ರಾಸಾಯನಿಕ ಇಲ್ಲದ ಬೆಳೆ. ಅವರು ಸುಮ್ಮನೆ ಕೇಳಿ, "ನಮ್ಮಪ್ಪ ಹಂಗ ಮಾಡ್ತಿದ್ದ. ತೊಗರಿ ಸಾಲಿನ ನಡುಕ ಸಜ್ಜಿ, ಬದುವಿಗೆ ಔಡಲ, ಹಿಂಗಾರಿಗೆ ಬಿಳಿ ಜೋಳ, ಕಡ್ಲಿ, ಕುಸುಬಿ. ದನ ಇದ್ದುವು. ನನ್ನ ಮಗ ಮಂಗಳೂರಾಗ ಸೆಂಟ್ರಿಂಗ್ ಕೆಲಸ ಮಾಡ್ತಾನ" ಅಂದರು. ಇದಕ್ಕೆ ನಮ್ಮಲ್ಲಿ ಯಾರಿಗೂ ತಟ್ಟನೆ ಉತ್ತರ ಬರಲಿಲ್ಲ.

ಹಾಗಾದರೆ ಒಣ ನೆಲದಲ್ಲಿ ಇದು ಆಗದ ಕೆಲಸವಾ? ಅಲ್ಲ. ಬೀದರಿನ ಗಡಿಯಾಚೆ, ತೆಲಂಗಾಣದ ಜಹೀರಾಬಾದ್ ಹತ್ತಿರ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಹೆಣ್ಣುಮಕ್ಕಳ ಸಂಘಗಳು 1980ರ ದಶಕದಿಂದ ಬರಡು ಹೊಲಗಳಲ್ಲಿ ಸಿರಿಧಾನ್ಯ, ಕಾಳು ಕಲಸಿ ಬೆಳೆದು, ಬೀಜ ತಾವೇ ಕಾಪಿಟ್ಟು ತೋರಿಸಿದ್ದಾರೆ. 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿಯೂ ಬಂತು. ಜಾರ್ಡಾನಿನಲ್ಲಿ, ಮೃತ ಸಮುದ್ರದ ಹತ್ತಿರದ ಉಪ್ಪು ನೆಲದಲ್ಲಿ, ರಾಯಚೂರಿನ ಮಳೆಯ ಕಾಲುಭಾಗ ಬೀಳುವಲ್ಲಿ, ಆಸ್ಟ್ರೇಲಿಯಾದ ಜೆಫ್ ಲಾಟನ್ ಅಡ್ಡ ಕಾಲುವೆ ತೋಡಿ ಅಂಜೂರ, ದಾಳಿಂಬೆ ಬೆಳೆಸಿದರು. ಎರಡೂ ಕಡೆ ಜನ ವರ್ಷಗಟ್ಟಲೆ ಅಲ್ಲೇ ಇದ್ದು ಮಾಡಿದ ಕೆಲಸ. ರಜೆಗೆ ಬಂದು ಹೋಗುವವರಿಂದ ಆದದ್ದಲ್ಲ.

ಇನ್ನು ಕಾಗದದ ಮಾತು. ಇಲ್ಲೇ ನಮ್ಮವರು ಹೆಚ್ಚು ಎಡವುವುದು. 2020ರ ತಿದ್ದುಪಡಿಯಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂ ತೆಗೆದ ಮೇಲೆ ಕೃಷಿಕ ಅಲ್ಲದವನೂ ಕರ್ನಾಟಕದಲ್ಲಿ ಕೃಷಿ ಜಮೀನು ಕೊಳ್ಳಬಹುದು. ಇದನ್ನು ಕೇಳಿದ ಗಲ್ಫ್ ಹುಡುಗರು ನಮಗೂ ಆಗ್ತದೆ ಅಂದುಕೊಳ್ತಾರೆ. ಆಗುವುದಿಲ್ಲ! ಹೊರದೇಶದಲ್ಲಿ ನೆಲೆಸಿರುವ ಭಾರತೀಯ ಇಲ್ಲಿ ಮನೆ, ಫ್ಲ್ಯಾಟ್ ಕೊಳ್ಳಬಹುದು, ಕೃಷಿಭೂಮಿ, ತೋಟ, ಫಾರ್ಮ್‌ಹೌಸ್ ಕೊಳ್ಳುವ ಹಾಗಿಲ್ಲ. ಅದು ವಿದೇಶಿ ವಿನಿಮಯದ ಕೇಂದ್ರ ಕಾನೂನು. ವಾರಸಾಗಿ ಬಂದರೆ ಇಟ್ಟುಕೊಳ್ಳಬಹುದು, ಖಾಯಂ ಆಗಿ ಊರಿಗೆ ವಾಪಸ್ ಬಂದ ಮೇಲೆ ಕೊಳ್ಳಬಹುದು.

ಆಗ ಮಾಡುವ ಉಪಾಯ ಎಲ್ಲರಿಗೂ ಗೊತ್ತು: "ಅಣ್ಣನ ಹೆಸರಲ್ಲಿ ಇರಲಿ." ದುಡ್ಡು ನಿಮ್ಮದು, ಹೆಸರು ಅಣ್ಣನದು ಅಂದರೆ ಬೇನಾಮಿ ಕಾಯ್ದೆಯ ಬಾಯಿಗೆ ತಲೆ ಕೊಟ್ಟ ಹಾಗೆ. 2016ರ ತಿದ್ದುಪಡಿಯ ನಂತರ ಅಂಥ ಆಸ್ತಿ ಸರಕಾರಕ್ಕೆ ಹೋಗಬಹುದು, ಜೈಲೂ ಉಂಟು. ದುಡ್ಡನ್ನು ಅಣ್ಣನಿಗೆ ನಿಜವಾಗಿ ದಾನ ಕೊಟ್ಟರೆ ಜಾಗ ಅಣ್ಣನದೇ. ನಾಳೆ ಅಣ್ಣ ತೀರಿಕೊಂಡರೆ ಅದು ಅವನ ಹೆಂಡತಿ ಮಕ್ಕಳ ಪಾಲು, ನಿಮ್ಮದಲ್ಲ. ವಾರಸುಪಾಲಿನ ಲೆಕ್ಕ ಹಾಕಲು ಮನೆಯವರು ನಮ್ಮನ್ನು ಕರೆಯುತ್ತಾರೆ. "ಉಸ್ತಾದರೇ, ಇದು ಮಾತ್ರ ತಮ್ಮನ ದುಡ್ಡು" ಅಂತ ಉಮ್ಮ ಅಳುವುದನ್ನು ಕೇಳಿದ್ದೇವೆ. ಕಾಗದದಲ್ಲಿ ಇಲ್ಲದ್ದನ್ನು ನಾವು ಯಾವ ಬಾಯಿಂದ ತಮ್ಮನಿಗೆ ಬರೆಯುವುದು? ಊರಲ್ಲಿರುವ ಹೆಂಡತಿಯ ಹೆಸರಿನ ವಿಷಯ ಬೇರೆ, ಅದಕ್ಕೂ ವಕೀಲರಲ್ಲಿ ಕೇಳಿಯೇ ಮುಂದುವರಿಯಿರಿ.

ದೇವದುರ್ಗ, ಮಾನ್ವಿಯಲ್ಲಿ ಪರಿಶಿಷ್ಟ ಜಾತಿ, ಪಂಗಡದವರು ಬಹಳ. ಸರಕಾರ ಅವರಿಗೆ ಮಂಜೂರು ಮಾಡಿದ ಜಮೀನನ್ನು ಸರಕಾರದ ಅನುಮತಿ ಇಲ್ಲದೆ ಕೊಂಡರೆ 1978ರ ಪಿಟಿಸಿಎಲ್ ಕಾಯ್ದೆಯಲ್ಲಿ ಅದು ವಾಪಸ್ ಹೋಗ್ತದೆ. ಅದನ್ನು ಕೇಳಲು ಕಾಲಮಿತಿ ಇಲ್ಲ ಅಂತ 2023ರ ತಿದ್ದುಪಡಿ ಹೇಳ್ತದೆ. ಹೋಗಬೇಕಾದದ್ದೇ ಸರಿ, ಬಡವನ ತುತ್ತು ಅದು. ನಿಜಾಮರ ಕಾಲದ ಇನಾಂ, ವಕ್ಫ್ ಜಾಗವೂ ಆ ಸೀಮೆಯಲ್ಲಿ ಉಂಟು, ವಕ್ಫ್ ಆದದ್ದನ್ನು ಮಾರುವ ಹಕ್ಕು ಯಾರಿಗೂ ಇಲ್ಲ. ಹಾಗಾಗಿ ಈ ವರ್ಷದ ಪಹಣಿ, ಹದಿನೈದು ವರ್ಷದ ಇಸಿ ನೋಡಿದರೆ ಸಾಲದು. ಹೈದರಾಬಾದ್ ಸಂಸ್ಥಾನದಲ್ಲಿದ್ದ ಜಿಲ್ಲೆಯಾದ್ದರಿಂದ 1954-55ರ ಖಾಸ್ರಾ ಪಹಣಿ ತೆಗೆಸಿ, ಅಂದು ಯಾರ ಹೆಸರಿತ್ತು, ಇಂದಿನವರೆಗೆ ಹೇಗೆ ಇಳಿದು ಬಂತು ಅಂತ ನೋಡಬೇಕು. ಅಲ್ಲಿ ಸೆಂಟ್ಸ್ ಲೆಕ್ಕ ನಡೆಯುವುದಿಲ್ಲ, ಗುಂಟೆ. ಎಕರೆಗೆ 40 ಗುಂಟೆ. ನಮ್ಮ ಎರಡೂವರೆ ಸೆಂಟ್ಸ್ ಅಂದರೆ ಅವರ ಒಂದು ಗುಂಟೆ.

ಇನ್ನೊಂದು ಸಣ್ಣ ವಿಷಯ, ನಮ್ಮ ಪುಟದ ಓದುಗರಿಗೆ ಮಾತ್ರ. ಅಡಿಕೆ, ತೆಂಗಿನ ಬೆಳೆಗೆ ನಮ್ಮ ಶಾಫಿ ಮದ್ಹಬಿನಲ್ಲಿ ಝಕಾತ್ ಇಲ್ಲದ್ದರಿಂದ ಕರಾವಳಿಯ ಎಷ್ಟೋ ಮನೆಗಳಿಗೆ ಬೆಳೆಯ ಝಕಾತಿನ ಅಭ್ಯಾಸವೇ ಇಲ್ಲ. ಜೋಳ, ಭತ್ತ ಬೆಳೆದು ನಿಸಾಬು ಮುಟ್ಟಿದರೆ ಕೊಡಬೇಕು, ಮಳೆ ನೀರಿನ ಬೆಳೆಗೆ ಹತ್ತರಲ್ಲೊಂದು, ಖರ್ಚು ಮಾಡಿ ಎತ್ತಿದ ನೀರಿನದ್ದಕ್ಕೆ ಇಪ್ಪತ್ತರಲ್ಲೊಂದು. ಯೋಜನೆಯ ಲೆಕ್ಕಪುಸ್ತಕದಲ್ಲಿ ಇದಕ್ಕೂ ಒಂದು ಸಾಲು ಬಿಡಿ.

ನಮ್ಮ ಜೊತೆ ಬಂದ ಮೂವರಲ್ಲಿ ಒಬ್ಬರು ಬಂದ ದಾರಿಗೆ ಸುಂಕವಿಲ್ಲ ಅಂತ ಮರುದಿನವೇ ಬಸ್ಸು ಹತ್ತಿದರು. ಇನ್ನೊಬ್ಬರಿಗೆ ಗಲ್ಫಿನ ವೀಸಾ ಇನ್ನೂ ಎರಡು ವರ್ಷ ಇದೆ, ಕಾಯುತ್ತಾರೆ. ಮೂರನೆಯವರು ಜಾಗ ಕೊಳ್ಳಲಿಲ್ಲ. ಮಾನ್ವಿಯಲ್ಲಿ ಬಾಡಿಗೆ ಮನೆ ಹಿಡಿದು ಒಂದು ಪೂರ್ತಿ ವರ್ಷ ಇದ್ದು, ಒಂದು ಮುಂಗಾರು, ಒಂದು ಹಿಂಗಾರು, ಒಂದು ಬೇಸಿಗೆ ನೋಡಿಯೇ ತೀರ್ಮಾನಿಸುವುದಾಗಿ ಹೇಳಿದ್ದಾರೆ. ಅವರ ಮನೆಯಾಕೆ ಕೇಳಿದ್ದು ಒಂದೇ ಪ್ರಶ್ನೆ, ಅದು ನಮ್ಮ ಕಡೆ ತಿರುಗಿ: ಅಲ್ಲಿಯ ಮದ್ರಸದಲ್ಲಿ ಪಾಠ ಉರ್ದುವಿನಲ್ಲಿ, ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಏಳು ವರ್ಷದ ಮಗು ಇದನ್ನೆಲ್ಲ ಹೇಗೆ ಹೊರುವುದು? ಮಕ್ಕಳು ಭಾಷೆ ಬೇಗ ಹಿಡಿಯುತ್ತಾರೆ, ಒಂದು ವರ್ಷ ಸಂಜೆ ಹೊತ್ತು ಫೋನಿನಲ್ಲಿ ನಾವೇ ಪಾಠ ಹೇಳಿಕೊಡುತ್ತೇವೆ ಅಂದಿದ್ದೇವೆ. ಜೂನ್‌ನಲ್ಲಿ ಅವರು ಹೊರಡುತ್ತಾರೆ.