ಪೇಪರ್ ಕಟರ್ ಮೊಂಡಾಯಿತೇ? ಸಾಣೆ ಮನೆಯಲ್ಲೇ ಹಿಡಿಯಿರಿ

ರಾತ್ರಿ ಒಂಬತ್ತಕ್ಕೆ ಮಗ ಬಂದು 'ಅಮ್ಮಾ, ನಾಳೆ ಪ್ರಾಜೆಕ್ಟ್ ಕೊಡ್ಬೇಕು' ಅಂತಾನೆ. ಚಾರ್ಟ್ ಪೇಪರ್ ಹರಡಿಕೊಂಡು ಕೂತರೆ ಕಟರ್ ಕತ್ತರಿಸುವ ಬದಲು ಹಾಳೆಯನ್ನು ಅಗಿಯುತ್ತದೆ. ಅಂಚೆಲ್ಲ ಇಲಿ ಕಡಿದ ಹಾಗೆ! ಮನೆಯಲ್ಲೇ ಉಡುಗೊರೆ ಕವರು, ಕಾಗದದ ಚೀಲ, ಕ್ವಿಲಿಂಗ್ ಓಲೆ ಮಾಡಿ ನಾಲ್ಕು ಕಾಸು ಸಂಪಾದಿಸುವವರಿಗಂತೂ ಹಾಳಾದ ಒಂದೊಂದು ಹಾಳೆಯೂ ಕೈಬಿಟ್ಟು ಹೋದ ದುಡ್ಡೇ.

ಹೊಸದು ತಂದುಬಿಡೋಣ ಅನಿಸುತ್ತೆ ಅಲ್ವಾ? ಸ್ವಲ್ಪ ತಾಳಿ.

ಇಲ್ಲಿ ಹೇಳುತ್ತಿರುವುದು ಹಲಗೆಯ ಪಕ್ಕದಲ್ಲಿ ಉದ್ದನೆಯ ಅಲಗು ಇರುವ, ಹಿಡಿ ಎತ್ತಿ ಇಳಿಸಿ ಕತ್ತರಿಸುವ ಕಟರ್ ಬಗ್ಗೆ. ಜೆರಾಕ್ಸ್ ಅಂಗಡಿಯಲ್ಲಿ ನೋಡಿರುತ್ತೀರಲ್ಲ, ಅದೇ. ತುದಿ ಮುರಿದು ಬಳಸುವ ಚಿಕ್ಕ ಕಟರ್‌ಗೆ ಸಾಣೆಯೇ ಬೇಡ. 1956ರಲ್ಲಿ ಜಪಾನಿನ ಯೋಶಿಯೋ ಒಕಾಡಾ ಅದನ್ನು ಕಂಡುಹಿಡಿದದ್ದೇ ಈ ಕಾರಣಕ್ಕೆ. ಚಾಕೊಲೇಟ್ ಬಾರನ್ನು ತುಂಡು ತುಂಡಾಗಿ ಮುರಿಯುವುದನ್ನು ನೋಡಿ ಹೊಳೆದ ಉಪಾಯವಂತೆ! ಮೊಂಡಾದ ತುದಿಯನ್ನು ಮುರಿದರೆ ಹೊಸ ಅಂಚು ಸಿದ್ಧ. ಗುಂಡು ಅಲಗು ಉರುಳುವ ಕಟರ್‌ಗೂ ಬೇರೆ ಅಲಗು ಹಾಕುವುದೇ ಜಾಣತನ.

ಮೊಂಡಾದ ಅಲಗಿನಿಂದ ಅಪಾಯವಿಲ್ಲ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಈಳಿಗೆಮಣೆ ಮುಂದೆ ಕೂತು ಹೆಚ್ಚಿದವರನ್ನು ಕೇಳಿ ನೋಡಿ. ಹರಿತ ಇದ್ದರೆ ಬದನೆಕಾಯಿ ತಾನಾಗಿ ಹೋಳಾಗುತ್ತದೆ, ಮೊಂಡಾದರೆ ಒತ್ತಿ ಒತ್ತಿ ಕೊನೆಗೆ ಬೆರಳಿಗೇ ಬೀಳುತ್ತದೆ. ಕಟರ್ ಕಥೆಯೂ ಇದೇ. ಹಾಳೆ ಜಾರದಿರಲೆಂದು ಎಡಗೈಯನ್ನು ಗೆರೆಯ ಹತ್ತಿರಕ್ಕೆ ತರುತ್ತೀರಿ, ಬಲಗೈಯಲ್ಲಿ ಮೈಭಾರ ಬಿಟ್ಟು ಒತ್ತುತ್ತೀರಿ. ಅಲಗು ದಡಕ್ಕನೆ ಇಳಿದಾಗ ಬೆರಳು ಎಲ್ಲಿತ್ತು ಅನ್ನುವುದೇ ನೆನಪಿರುವುದಿಲ್ಲ. ಕಟರ್ ಸರಿಮಾಡಿಕೊಳ್ಳಬೇಕಾದದ್ದು ಮೊದಲಿಗೆ ಈ ಕಾರಣಕ್ಕೆ, ಹಾಳೆಯ ಅಂದ ಆಮೇಲಿನ ಮಾತು.

ನಿಜಕ್ಕೂ ಮೊಂಡಾಗಿದೆಯಾ?

ಕತ್ತರಿಸದ ಕಟರ್ ಎಲ್ಲವೂ ಮೊಂಡಾಗಿರುವುದಿಲ್ಲ! ಇದು ಕತ್ತರಿಯ ಹಾಗೆ ಕೆಲಸ ಮಾಡುವ ಸಾಧನ. ಮೇಲಿನ ಅಲಗು, ಹಲಗೆಯ ಅಂಚಿಗಿರುವ ಲೋಹದ ಪಟ್ಟಿ ಎರಡೂ ಒಂದಕ್ಕೊಂದು ಉಜ್ಜಿಕೊಂಡು ಹೋದರೆ ಮಾತ್ರ ಹಾಳೆ ತುಂಡಾಗುತ್ತದೆ. ನಡುವೆ ಸಂದಿ ಬಿದ್ದರೆ ಎಷ್ಟು ಹರಿತವಿದ್ದರೂ ಹಾಳೆ ಮಡಚಿಕೊಂಡು ಒಳಗೆ ಇಳಿಯುತ್ತದೆ.

ಹಳೇ ದಿನಪತ್ರಿಕೆಯ ಒಂದೇ ಹಾಳೆ ಇಟ್ಟು ಕತ್ತರಿಸಿ ನೋಡಿ. ಉದ್ದಕ್ಕೂ ಮಡಚಿಕೊಂಡರೆ ಅಲಗಿನ ಬುಡದಲ್ಲಿರುವ ನಟ್ ಸಡಿಲವಾಗಿರಬಹುದು. ಸ್ಪ್ಯಾನರ್‌ನಿಂದ ಕಾಲು ಸುತ್ತು ಬಿಗಿ ಮಾಡಿ ಮತ್ತೆ ನೋಡಿ. ತೀರಾ ಬಿಗಿದರೆ ಹಿಡಿ ಏಳುವುದೇ ಇಲ್ಲ. ಒಂದೇ ಜಾಗದಲ್ಲಿ ಹರಿಯುತ್ತಿದೆಯಾ? ಹಾಗಿದ್ದರೆ ಅಲ್ಲಿ ಚೂರು ಹಲ್ಲು ಮುರಿದಿದೆ. ಸ್ಟೇಪ್ಲರ್ ಪಿನ್ ತೆಗೆಯದೆ ಕತ್ತರಿಸಿದ ಪುಣ್ಯಾತ್ಮರು ಮನೆಯಲ್ಲಿ ಯಾರೋ ಇದ್ದಾರೆ ಅಂತ ಅರ್ಥ!

ಇನ್ನೊಂದು ಕಾರಣ ಗೋಂದು. ಟೇಪ್ ಅಂಟಿಸಿದ ಹಾಳೆ ಕತ್ತರಿಸಿ ಕತ್ತರಿಸಿ ಅಲಗಿನ ಒಳಬದಿಯಲ್ಲಿ ಅಂಟು ಕೂತಿರುತ್ತದೆ. ಹತ್ತಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಅಂಟಿನ ಮೇಲೆ ಸವರಿ, ಹತ್ತು ನಿಮಿಷ ಬಿಟ್ಟು, ಬಟ್ಟೆಯನ್ನು ದಪ್ಪಗೆ ಮಡಚಿ ಅಲಗಿನ ಬೆನ್ನಿನ ಕಡೆಯಿಂದ ಅಂಚಿನ ಕಡೆಗೆ ಒರೆಸಿ. ಅಂಚಿನ ಉದ್ದಕ್ಕೂ ಒರೆಸಬೇಡಿ. ಎಷ್ಟೋ ಸಲ ಇಷ್ಟಕ್ಕೇ ಕೆಲಸ ಮುಗಿದುಹೋಗುತ್ತೆ.

ಓರೆ ಬದಿಗೆ ಮಾತ್ರ ಸಾಣೆ

ಇಷ್ಟಾದರೂ ಸರಿಹೋಗದಿದ್ದರೆ ಅಲಗು ಸವೆದಿದೆ ಅಂತಲೇ ಲೆಕ್ಕ. ಮಿರಮಿರ ಹೊಳೆಯುವ ಆರ್ಟ್ ಪೇಪರ್ ಜಾಸ್ತಿ ಕತ್ತರಿಸುವವರ ಕಟರ್ ಬೇಗ ಸವೆಯುತ್ತದೆ. ಆ ಹೊಳಪಿಗಾಗಿ ಕಾಗದದ ಮೇಲೆ ನಯವಾದ ಜೇಡಿಮಣ್ಣು ಅಥವಾ ಸುಣ್ಣಕಲ್ಲಿನ ಪುಡಿಯ ಲೇಪ ಕೊಟ್ಟಿರುತ್ತಾರೆ.

ಹಾರ್ಡ್‌ವೇರ್ ಅಂಗಡಿಯಲ್ಲಿ ಕಾರ್ಬೊರಂಡಮ್ ಸಾಣೆಕಲ್ಲು ಕೇಳಿ. ಒಂದು ಮುಖ ಒರಟು, ಇನ್ನೊಂದು ನಯ ಇರುವಂಥದ್ದು. ಮನೆಗೆ ಒಂದು ಕಲ್ಲು ಇದ್ದರೆ ಅಡುಗೆ ಚಾಕುವಿಗೂ ಆಯಿತು.

ಅಲಗು ಬಿಚ್ಚುವಾಗ ಅವಸರ ಬೇಡ. ದಪ್ಪ ಕೈಗವಸು ಹಾಕಿ, ಅಂಚಿಗೆ ದಪ್ಪ ಟವೆಲ್ ಸುತ್ತಿ, ಆಮೇಲೆ ಸ್ಕ್ರೂ ತೆಗೆಯಿರಿ. ಮಕ್ಕಳು ಶಾಲೆಗೆ ಹೋದ ಮೇಲೆ, ಕುಕ್ಕರ್ ಸೀಟಿ ಎಣಿಸುವ ಕೆಲಸ ಇಲ್ಲದ ಹೊತ್ತಿನಲ್ಲಿ ಕೂತುಕೊಳ್ಳಿ. ಬಿಚ್ಚಲು ಬಾರದ ಅಲಗಾದರೆ ಸಾಹಸ ಬೇಡವೇ ಬೇಡ.

ಬಿಚ್ಚಿದ ಅಲಗನ್ನು ಬೆಳಕಿಗೆ ಹಿಡಿದು ನೋಡಿ. ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಅಂಚಿನ ಹತ್ತಿರ ಓರೆ. ಸಾಣೆ ಹಿಡಿಯಬೇಕಾದದ್ದು ಓರೆ ಬದಿಗೆ ಮಾತ್ರ! ಚಪ್ಪಟೆ ಬದಿ ಪಟ್ಟಿಗೆ ಒರಗಿಕೊಂಡು ಕತ್ತರಿಸುವ ಬದಿ. ಅಲ್ಲಿ ಓರೆ ಮಾಡಿದಿರೋ, ನಾವು ಆಗಲೇ ಹೇಳಿದ ಸಂದಿ ಶಾಶ್ವತವಾಗಿ ಬಿತ್ತು ಅಂತಲೇ. ಬೀದಿಯಲ್ಲಿ ಸಾಣೆ ಚಕ್ರ ತರುವವರಿಗೆ ಕೊಡುವುದಾದರೂ ಇದನ್ನು ಬಾಯಿಬಿಟ್ಟು ಹೇಳಿ. ಚಾಕುವಿಗೆ ಎರಡೂ ಕಡೆ ಹಿಡಿದು ಅಭ್ಯಾಸವಾದವರು ಇದಕ್ಕೂ ಹಾಗೇ ಹಿಡಿದುಬಿಡಬಹುದು. ಚಕ್ರದ ಬಿಸಿಗೆ ಅಂಚು ನೀಲಿ ಬಣ್ಣಕ್ಕೆ ತಿರುಗಿದರೆ ಉಕ್ಕಿನ ಗಡಸುತನವೂ ಹೋಯಿತು.

ಮೇಜಿನ ಮೇಲೆ ಒದ್ದೆ ಬಟ್ಟೆ ಹಾಸಿ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಅಲಗು. ಓರೆ ಬದಿ ಮೇಲಿರಲಿ, ಅಲಗಿನ ಬೆನ್ನನ್ನು ಕ್ಲಾಂಪ್‌ನಿಂದ ಬಿಗಿದಿರಲಿ. ಉದ್ದ ಅಲಗನ್ನು ಕಲ್ಲಿನ ಮೇಲೆ ಎಳೆಯುವುದಕ್ಕಿಂತ ಕಲ್ಲನ್ನೇ ಅಲಗಿನ ಮೇಲೆ ಆಡಿಸುವುದು ಸುಲಭ. ಬೆರಳುಗಳು ಕಲ್ಲಿನ ಮೇಲ್ಭಾಗದಲ್ಲೇ ಇರಲಿ, ಅಂಚಿನಾಚೆ ಇಳಿಯಬಾರದು.

ಎಷ್ಟು ಓರೆ ಹಿಡಿಯಬೇಕು ಅಂತ ತಲೆ ಕೆಡಿಸಿಕೊಳ್ಳಬೇಡಿ. ಓರೆ ಭಾಗಕ್ಕೆಲ್ಲ ಮಾರ್ಕರ್ ಪೆನ್ನಿನಿಂದ ಬಣ್ಣ ಬಳಿಯಿರಿ. ನಯವಾದ ಮುಖವನ್ನು ನೀರಿನಲ್ಲಿ ನೆನೆಸಿ ಎರಡು ಸಲ ಮೆಲ್ಲಗೆ ಉಜ್ಜಿ ನೋಡಿ. ಬಣ್ಣ ಪೂರ್ತಿ ಸಮನಾಗಿ ಹೋಗುತ್ತಿದ್ದರೆ ಓರೆ ಸರಿಯಿದೆ. ಅಂಚಿನಲ್ಲಿ ಉಳಿದರೆ ಕಲ್ಲನ್ನು ಚೂರು ಎತ್ತಿ, ಹಿಂಭಾಗದಲ್ಲಿ ಉಳಿದರೆ ಚೂರು ಇಳಿಸಿ. ಆಮೇಲೆ ಬುಡದಿಂದ ತುದಿಯವರೆಗೆ ಒಂದೇ ದಿಕ್ಕಿನಲ್ಲಿ ಹತ್ತು ಹದಿನೈದು ಸಲ. ಭಾರ ಬಿಡಬೇಡಿ. ಕಲ್ಲಿಗೆ ನೀರಾದರೆ ನೀರು, ಎಣ್ಣೆಯಾದರೆ ಎಣ್ಣೆ, ಯಾವುದಾದರೂ ಒಂದು. ಒಮ್ಮೆ ಎಣ್ಣೆ ಕುಡಿದ ಕಲ್ಲಿಗೆ ನೀರು ಹತ್ತುವುದಿಲ್ಲ.

ಸಾಕಾಯಿತು ಅಂತ ಗೊತ್ತಾಗುವುದು ಹೇಗೆ? ಅಂಚಿನಲ್ಲಿ ಕೂದಲೆಳೆಗಿಂತ ಸಣ್ಣದಾಗಿ ಲೋಹ ಚಪ್ಪಟೆ ಬದಿಗೆ ಮಡಚಿಕೊಳ್ಳುತ್ತದೆ. ಬೆರಳಲ್ಲಿ ಮುಟ್ಟಿ ನೋಡಬೇಡಿ! ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಚಪ್ಪಟೆ ಬದಿಯಲ್ಲಿ ಅಂಚಿನತ್ತ ಸವರಿದರೆ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ. ಬುಡದಿಂದ ತುದಿವರೆಗೂ ಸಿಕ್ಕಿಕೊಂಡರೆ ಉಜ್ಜಿದ್ದು ಸಾಕು. ಈಗ ಅಲಗನ್ನು ತಿರುಗಿಸಿ, ಕಲ್ಲನ್ನು ಪೂರ್ತಿ ಚಪ್ಪಟೆಯಾಗಿ ಕೂರಿಸಿ, ಒಂದೋ ಎರಡೋ ಸಲ ಹಗುರವಾಗಿ ಸವರಿದರೆ ಆ ಎಳೆ ಉದುರುತ್ತದೆ. ಅದಕ್ಕಿಂತ ಹೆಚ್ಚು ಬೇಡ.

'ಅಲ್ಯುಮಿನಿಯಂ ಫಾಯಿಲ್ ಕತ್ತರಿಸಿದರೆ ತಾನೇ ಹರಿತ ಆಗುತ್ತಲ್ಲಾ?' ಅಂತ ಕೇಳುವವರಿದ್ದಾರೆ. ಫಾಯಿಲ್ ನಾಲ್ಕು ಮಡಿಕೆ ಮಾಡಿ ಕತ್ತರಿಸಿದರೆ ಅಂಚಿನ ಸಣ್ಣಪುಟ್ಟ ಒರಟು ಹೋಗಬಹುದು, ಸವೆದ ಅಲಗಿಗೆ ಸಾಣೆಯಾಗದು. ಎಮರಿ ಪೇಪರ್ ಕತ್ತರಿಸುವ ಉಪಾಯ ಹಳೇ ಕತ್ತರಿಗೆ ಇಟ್ಟುಕೊಳ್ಳಿ. ಕಟರ್‌ನಲ್ಲಿ ಅದು ಚಪ್ಪಟೆ ಬದಿಯನ್ನೇ ಗೀರುತ್ತದೆ.

ಅಲಗನ್ನು ಒರೆಸಿ, ಒಣಗಿಸಿ, ಮತ್ತೆ ಕೂಡಿಸಿ ಅದೇ ದಿನಪತ್ರಿಕೆಯ ಹಾಳೆಯಲ್ಲಿ ಪರೀಕ್ಷೆ ಮಾಡಿ. ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸವರಿಟ್ಟರೆ ಮಳೆಗಾಲದಲ್ಲೂ ತುಕ್ಕು ಹಿಡಿಯದು. ಕೊಬ್ಬರಿ ಎಣ್ಣೆ ಬಳಿದು ಹಾಗೇ ಬಿಟ್ಟರೆ ಜಿಡ್ಡುಗಟ್ಟುತ್ತದೆ. ಆಯುಧ ಪೂಜೆಯಲ್ಲಿ ಹಚ್ಚಿದ ಒದ್ದೆ ಕುಂಕುಮವನ್ನೂ ಮರುದಿನವೇ ಒರೆಸಿಬಿಡಿ.

ಕಣ್ಣಿಗೆ ಕಾಣುವಷ್ಟು ಹಲ್ಲು ಮುರಿದಿದ್ದರೆ ಅಥವಾ ಕೆಳಗಿನ ಪಟ್ಟಿಯೇ ಗುಂಡಗಾಗಿದ್ದರೆ ಮನೆಯ ಕಲ್ಲಿಗೆ ಅದು ಬಗ್ಗದು. ಪ್ರಿಂಟಿಂಗ್ ಪ್ರೆಸ್, ಬೈಂಡಿಂಗ್ ಅಂಗಡಿಯವರು ತಮ್ಮ ಅಲಗುಗಳನ್ನು ಎಲ್ಲಿ ಸಾಣೆಗೆ ಕೊಡುತ್ತಾರೆ ಅಂತ ವಿಚಾರಿಸಿ ಅಲ್ಲಿಗೇ ಒಯ್ಯಿರಿ. ಬದಲಿಸಿದ ಹಳೇ ಅಲಗು, ಮುರಿದ ತುಣುಕುಗಳನ್ನು ಮಾತ್ರ ಕಸದ ಬುಟ್ಟಿಗೆ ಹಾಗೇ ಎಸೆಯಬೇಡಿ, ಕಸ ಬೇರ್ಪಡಿಸುವ ಪೌರಕಾರ್ಮಿಕರ ಕೈ ಕೊಯ್ಯುತ್ತದೆ. ತುಣುಕುಗಳನ್ನು ಮುಚ್ಚಳವಿರುವ ತಗಡಿನ ಡಬ್ಬಿಗೆ ಹಾಕಿ, ಉದ್ದ ಅಲಗಿಗೆ ರಟ್ಟು ಸುತ್ತಿ, ಟೇಪ್ ಬಿಗಿದು, 'ಬ್ಲೇಡ್ ಇದೆ' ಅಂತ ದಪ್ಪಕ್ಷರದಲ್ಲಿ ಬರೆದು ಗುಜರಿಯವರಿಗೆ ಹೇಳಿಯೇ ಕೊಡಿ.