ಪಿಟೀಲು ಕುಯ್ದರೆ ಹೀಗೆ ಕುಯ್ಯಬೇಕು!

ಯಾರಾದರೂ ಸುಮ್ಮನೆ ತಲೆ ತಿಂತಿದ್ರೆ ‘ಪಿಟೀಲು ಕುಯ್ಯಬೇಡ ಮಾರಾಯ’ ಅಂತೀವಲ್ಲ, ಆ ಪಿಟೀಲು ನಿಜಕ್ಕೂ ಚಾಕುವಿನ ಥರ ಕುಯ್ಯೋದನ್ನ ಕೇಳಬೇಕು ಅಂದ್ರೆ ಆಲ್ಫ್ರೆಡ್ ಹಿಚ್‌ಕಾಕ್ ಅವರ ‘ಸೈಕೋ’ ನೋಡಬೇಕು. 1960ರ ಈ ಥ್ರಿಲ್ಲರ್‌ಗೆ ಸಂಗೀತ ಕೊಟ್ಟವರು ಬರ್ನಾರ್ಡ್ ಹರ್ಮನ್. ಸಿನಿಮಾ ನೋಡದವರಿಗೆ ಮೊದಲೇ ಹೇಳಿಬಿಡ್ತೀನಿ, ಮುಂದೆ ಕಥೆಯ ಒಂದು ಗುಟ್ಟು ರಟ್ಟಾಗುತ್ತೆ.

ಹೆದರಿಸೋ ಸಿನಿಮಾ ಅಂದ್ರೆ ಡ್ರಮ್ ಗುಡುಗಬೇಕು, ತುತ್ತೂರಿ ಅಬ್ಬರಿಸಬೇಕು ಅನ್ನೋದು ಸಾಮಾನ್ಯ ಲೆಕ್ಕ. ಹರ್ಮನ್ ಅವನ್ನೆಲ್ಲ ಪಕ್ಕಕ್ಕಿಟ್ಟರು. ಇಡೀ ಚಿತ್ರಕ್ಕೆ ಬಳಸಿದ್ದು ಬರೀ ತಂತಿವಾದ್ಯ: ಪಿಟೀಲು, ವಯೋಲಾ, ಚೆಲ್ಲೋ, ಡಬಲ್ ಬೇಸ್. ಬಜೆಟ್ ಚಿಕ್ಕದು, ಚಿತ್ರ ಕಪ್ಪು-ಬಿಳುಪು. ಹಾಗಿದ್ದ ಮೇಲೆ ಸಂಗೀತವೂ ಕಪ್ಪು-ಬಿಳುಪಾಗಿಯೇ ಇರಲಿ ಅನ್ನೋದು ಅವರ ಯೋಚನೆ.

ಇದರ ತಾಕತ್ತು ಗೊತ್ತಾಗಬೇಕಾದರೆ ಒಂದು ಪ್ರಯೋಗ ಮಾಡಿ. ನಾಯಕಿ ಮೇರಿಯನ್ 40,000 ಡಾಲರ್ ಕದ್ದು ಕಾರಿನಲ್ಲಿ ಓಡಿಹೋಗುವ ದೃಶ್ಯವನ್ನು ಫೋನ್ ಮ್ಯೂಟ್ ಮಾಡಿ ನೋಡಿ. ಒಬ್ಬ ಹೆಂಗಸು, ಸ್ಟೀರಿಂಗ್, ಮಳೆ, ವೈಪರ್. ಅಷ್ಟೇ. ಈಗ ಸೌಂಡ್ ಕೊಡಿ. ಟೈಟಲ್‌ನಲ್ಲಿ ಕೇಳಿದ್ದ ಅದೇ ತುಂಡುತುಂಡು, ಉಸಿರುಗಟ್ಟಿಸುವ ಓಟ ಮತ್ತೆ ಶುರುವಾಗುತ್ತೆ. ಪರದೆ ಮೇಲೆ ಇನ್ನೂ ಏನೂ ನಡೆದಿಲ್ಲ, ಆದ್ರೂ ಹೊಟ್ಟೆಯಲ್ಲಿ ಸಂಕಟ. ಮುಂದೆ ಕೇಡು ಕಾದಿದೆ ಅಂತ ಸಂಗೀತ ಆಗಲೇ ಹೇಳಿಬಿಟ್ಟಿದೆ.

ಆಮೇಲೆ ಬರೋದು ಬಚ್ಚಲುಮನೆಯ ಕೊಲೆ. ಆ ದೃಶ್ಯಕ್ಕೆ ಸಂಗೀತವೇ ಬೇಡ ಅಂದಿದ್ದರು ಹಿಚ್‌ಕಾಕ್. ಹರ್ಮನ್ ಜಗಳಕ್ಕೆ ನಿಲ್ಲಲಿಲ್ಲ. ಬರೆದು, ನುಡಿಸಿ, ದೃಶ್ಯಕ್ಕೆ ಜೋಡಿಸಿ ಕೇಳಿಸಿದರು. ನಿರ್ದೇಶಕರು ಮನಸ್ಸು ಬದಲಿಸಿದರು.

ಅವರಿಗೆ ಕೇಳಿಸಿದ್ದೇನು? ಉಳಿದ ಕಡೆಯೆಲ್ಲ ತಂತಿಗಳನ್ನು ಹೊರುವ ಕುದುರೆಗೆ ಮ್ಯೂಟ್ ಅನ್ನೋ ಪುಟ್ಟ ತುಂಡನ್ನು ಸಿಕ್ಕಿಸಿ ನುಡಿಸ್ತಾರೆ. ಅದರಿಂದ ದನಿ ಅದುಮಿಟ್ಟ ಹಾಗಿರುತ್ತೆ. ಕೊಲೆಯ ಹೊತ್ತಿಗೆ ಮಾತ್ರ ಅದನ್ನು ತೆಗೆಸಿದರು ಹರ್ಮನ್. ಮೊದಲು ಮೇಲಿನ ಪಿಟೀಲುಗಳು ಕಿರುಚುತ್ತವೆ. ಕೆಳಗಿನವು ಒಂದಕ್ಕೊಂದು ಹೊಂದದ ಸ್ವರ ಹಿಡಿದು ಸರದಿಯಲ್ಲಿ ಸೇರಿಕೊಳ್ಳುತ್ತವೆ. ಗುನುಗೋಕೆ ರಾಗ ಅಂತ ಒಂದೂ ಇಲ್ಲ. ಆಮೇಲೆ ಅವಳು ಗೋಡೆಗೊರಗಿ ಜಾರುವಾಗ ಚೆಲ್ಲೋ, ಬೇಸ್‌ಗಳ ಭಾರವಾದ ನಿಧಾನ. ಅಷ್ಟು ಹೊತ್ತು ಬಚ್ಚಿಟ್ಟಿದ್ದಕ್ಕೇ ಆ ಕಿರುಚಾಟ ಎದೆಗೆ ನಾಟೋದು.

ನಾನು ಕೋಡ್ ಬರೆಯೋ ಮನುಷ್ಯ. ಮೀಟಿಂಗ್‌ನಲ್ಲಿ ವಾದ ಮಾಡಿ ಒಪ್ಪಿಸಿದ್ದಕ್ಕಿಂತ ಡೆಮೊ ತೋರಿಸಿ ಒಪ್ಪಿಸಿದ್ದೇ ಜಾಸ್ತಿ. ಹಾಗಾಗಿ ಹರ್ಮನ್ ಮಾಡಿದ್ದು ಇಷ್ಟವಾಗುತ್ತೆ. ಆದರೆ ಡೆಮೊ ಗೆಲ್ಲಬೇಕಾದರೆ ಎದುರಿಗೆ ಕೂತವರಿಗೆ ಕಿವಿ ಇರಬೇಕು. ‘ಸೈಕೋ’ ಮಾಡಿದ ಪರಿಣಾಮದಲ್ಲಿ ಶೇ 33ರಷ್ಟು ಸಂಗೀತದ್ದು ಅಂದಿದ್ದ ಹಿಚ್‌ಕಾಕ್‌ಗೆ ಆಗ ಅದಿತ್ತು. ಆಸ್ಕರ್‌ನವರಿಗೆ ಅಷ್ಟೂ ಕೇಳಿಸಲಿಲ್ಲ. ಚಿತ್ರಕ್ಕೆ ನಾಲ್ಕು ನಾಮನಿರ್ದೇಶನ ಸಿಕ್ಕರೂ ಸಂಗೀತಕ್ಕೆ ಒಂದೂ ಇಲ್ಲ.

ಮುಂದೆ 1966ರಲ್ಲಿ ತೆರೆಕಂಡ ‘ಟಾರ್ನ್ ಕರ್ಟನ್’ಗೆ ಹಿಚ್‌ಕಾಕ್ ಪಾಪ್ ಶೈಲಿಯ ಸಂಗೀತ ಬೇಕೆಂದರು. ಹರ್ಮನ್ ತಮಗೆ ಸರಿ ಕಂಡದ್ದನ್ನೇ ಬರೆದರು. ಈ ಸಲ ಹಿಚ್‌ಕಾಕ್ ಒಪ್ಪಲಿಲ್ಲ. ಆ ಸಂಗೀತ ಬಿಟ್ಟು ಜಾನ್ ಅಡಿಸನ್ ಅವರಿಂದ ಬೇರೆ ಮಾಡಿಸಿದರು. ‘ವರ್ಟಿಗೋ’, ‘ನಾರ್ತ್ ಬೈ ನಾರ್ತ್‌ವೆಸ್ಟ್’ ಕೊಟ್ಟ ಜೋಡಿ ಮತ್ತೆ ಒಂದಾಗಲೇ ಇಲ್ಲ.

ಈ ವೀಕೆಂಡ್ ಒಳ್ಳೆ ಇಯರ್‌ಫೋನ್ ಹಾಕಿಕೊಂಡು ‘ಸೈಕೋ’ ನೋಡಿ. ಕೊಲೆಗಿಂತ ಮೊದಲು ಆ ಕಾರಿನ ದೃಶ್ಯಕ್ಕೆ ಕಿವಿ ಕೊಡಿ. ಆಮೇಲೆ ಸ್ನಾನಕ್ಕೆ ಹೋಗೋದಿದ್ರೆ ಚಿಲಕ ಹಾಕಿಕೊಳ್ಳೋದು ಮರೀಬೇಡಿ!